ಡ್ರಾಯರಿನಲ್ಲಿದ್ದ ಕನ್ನಡಕ

ಮೂಗಿನ ಮೇಲೊಂದು ಕನ್ನಡಕ, ಅಂಗಿ ಜೇಬಿನಲ್ಲಿ ಇನ್ನೊಂದು. ಜೇಬಿನದರ ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ನಮ್ಮ ಸಾರ್ ಎಂದರೆ ನನಗೆ ಮೊದಲು ಕಾಣುವುದು ಆ ಉಬ್ಬಿದ ಜೇಬು. "ಯಾಕ್ ಸಾರ್ ಎರಡೆರಡು?" ಎಂದರೆ, "ಒಂದು ಕೈ ಕೊಟ್ರೆ ಇನ್ನೊಂದಿರ್ಬೇಕಲ್ಲಮ್ಮಾ" ಅನ್ನುತ್ತಿದ್ದರು.

ಕಡೂರಿನಲ್ಲಿ ಕೊಬ್ಬರಿ ಮಂಡಿಯ ಮೇಲಿನ ಮಹಡಿ ನಮ್ಮ ಆಫೀಸು. ಹಗಲಿನ ಪಾಳಿಗೆ ನಾವಿಬ್ಬರೇ. ಒಂದು ಆರೋಗ್ಯ ವಿಮಾ ಕಂಪನಿಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳು ಎಲ್ಲೋ ದೂರದ ಊರುಗಳಲ್ಲಿದ್ದವು. ಅವುಗಳೊಳಗೆ ಒಂದೊಂದೂ ಬೇರೆ ಯಂತ್ರದಂತೆಯೇ ನಡೆಯುವ ವರ್ಚುವಲ್ ಸರ್ವರ್‌ಗಳನ್ನು ಇಲ್ಲಿಂದಲೇ ಕಾಯುವುದು ನಮ್ಮ ಕೆಲಸ. ಈ ರೋಗಿಗೆ ಆಪರೇಷನ್ ಮಾಡಬಹುದೇ ಎಂದು ಆಸ್ಪತ್ರೆಗಳು ಕೇಳುವ ಸಂದೇಶಗಳು ಅಲ್ಲಿ ಸಾಲಾಗಿ ನಿಂತು ಒಂದೊಂದಾಗಿ ಮುಂದೆ ಹೋಗಬೇಕು. ಸಾಲು ನಿಲ್ಲಬಾರದೆಂದು ಸಾರ್ ಎರಡು ಸರ್ವರ್ ಇಡಿಸಿದ್ದರು. ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಬೇಕು.

ಒಂದು ಮಧ್ಯಾಹ್ನ ಎರಡೂ ಒಟ್ಟಿಗೇ ಬಿದ್ದವು. ಅಯ್ಯೋ, ಎಂಥಾ ತಪ್ಪು ಮಾಡಿದ್ದೆ! ಪರದೆಯ ಮೇಲೆ ಎರಡು ಹೆಸರು ಕಂಡು ಎರಡು ಯಂತ್ರ ಅಂದುಕೊಂಡಿದ್ದೆ. ಎರಡೂ ಇದ್ದದ್ದು ಒಂದೇ ಮೇನ್‌ಫ್ರೇಮಿನ ಹೊಟ್ಟೆಯಲ್ಲಿ. ಅದು ಕೆಟ್ಟಿತು, ಎರಡೂ ಹೋದವು. ಅವು ಮತ್ತೆ ಎದ್ದಾಗ ಸಂಜೆಯಾಗಿತ್ತು. ಅವನ್ನು ಹಾಗೆ ಜೋಡಿಸಿದವಳು ನಾನು. ಸಾರ್ ಫೋನಿನಲ್ಲಿ ಮೇಲಿನವರಿಗೆ, "ತಪ್ಪು ನಂದು ಕಣ್ರೀ" ಎಂದರು. ನನ್ನ ಹೆಸರೆತ್ತಲೇ ಇಲ್ಲ.

ನಿಂತುಹೋದ ಸಂದೇಶಗಳಲ್ಲಿ ತರೀಕೆರೆಯ ಒಬ್ಬ ರೋಗಿಯದೂ ಇತ್ತು. ಭಾನುವಾರ ಸಾರ್ ಎಳನೀರು ಹಿಡಿದು ನೋಡಿಬಂದರು. "ಹುಷಾರಾಗಿದಾನೆ ಕಣಮ್ಮಾ. ನಾನ್ಯಾರು ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

ಮರುವಾರವೇ ಎರಡನೇ ಸರ್ವರನ್ನು ಇನ್ನೊಂದು ಊರಿನ ಯಂತ್ರಕ್ಕೆ ಹಾಕಿಸಿದರು. ಆಮೇಲೆ ಜೇಬಿನ ಕನ್ನಡಕ ತೆಗೆದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟರು. "ನಾನ್ ಬಿದ್ರೆ ಎರಡೂ ಒಡೆದ್ಹೋಗ್ತವೆ. ನಿನ್ನ ಹತ್ರ ಇರ್ಲಿ." ಅಂದಿನಿಂದ ಒಂದು ಕಟ್ಟಳೆ: ಹಗಲಿನಲ್ಲಿ ಇಬ್ಬರೂ ಒಟ್ಟಿಗೆ ಜಾಗ ಬಿಡುವಂತಿಲ್ಲ. ಅಮೃತಾಪುರದಲ್ಲಿ ನನ್ನ ತಂಗಿಯ ಮದುವೆಗೆ ಎಷ್ಟು ಕರೆದರೂ ಬರಲಿಲ್ಲ. "ನೀನೂ ಅಲ್ಲಿ, ನಾನೂ ಅಲ್ಲಿ ಆದ್ರೆ ಇಲ್ಲಿ ಯಾರಮ್ಮಾ?" ನನಗೆ ಮೈಯೆಲ್ಲ ಉರಿದು ಮೂರು ದಿನ ಮಾತು ಬಿಟ್ಟಿದ್ದೆ.

ಹೋದ ವರ್ಷ ಒಂದು ಬೆಳಗ್ಗೆ ಅಜ್ಜಂಪುರದಿಂದ ಅವರ ಹೆಂಡತಿಯ ಫೋನು. ಮುಖ ತೊಳೆಯಲು ಹೋದವರು ಕುಸಿದುಬಿದ್ದು ಹೋಗಿಯೇಬಿಟ್ಟಿದ್ದರು. "ಮಧ್ಯಾಹ್ನಕ್ಕೆ ಮಣ್ಣು ಮಾಡ್ತಾರಂತೆ. ಬಂದ್ಬಿಡಮ್ಮಾ." ಬದಲಿಗೆ ಯಾರನ್ನಾದರೂ ಕೊಡಿ ಎಂದು ಮೇಲಿನವರನ್ನು ಅಂಗಲಾಚಿದೆ. ನಾಳೆ ನೋಡೋಣ ಎಂದರು. ಹಾಳಾಗಿಹೋಗಲಿ ಎಂದು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೆ. ಅಜ್ಜಂಪುರದ ಬಸ್ಸು ನಿಂತೇ ಇತ್ತು. "ಇಲ್ಲಿ ಯಾರಮ್ಮಾ?" ಎಂಬ ಸಾರ್ ಮಾತು ಕಾಲು ಕಟ್ಟಿತು. ವಾಪಸ್ಸು ಬಂದು ಕೂತೆ. ಅತ್ತುಬಿಟ್ಟೆ. ಅಂದು ಒಂದು ಸಂದೇಶವೂ ನಿಲ್ಲಲಿಲ್ಲ.

ಹೊಸಬರೊಬ್ಬರು ಬಂದ ಮೇಲೆ, ಹದಿನೈದು ದಿನಕ್ಕೆ, ಸಾರ್ ಮನೆಗೆ ಹೋದೆ. ಯಾಕೆ ಬರಲಿಲ್ಲವೆಂದು ಅವರ ಹೆಂಡತಿ ಕೇಳಲಿಲ್ಲ. "ಬಿದ್ದಾಗ ಕನ್ನಡಕ ಚೂರಾಗೋಗಿತ್ತು. ಕನ್ನಡಕ ಇಲ್ದೆ ಅವ್ರ ಮುಖ ಅವ್ರದ್ದು ಅಂತಲೇ ಅನ್ನಿಸ್ತಿರ್ಲಿಲ್ಲ ಕಣಮ್ಮಾ. ದಾರ ಸುತ್ತಿದ್ದು ಇನ್ನೊಂದಿತ್ತಲ್ಲಾ, ಅದ್ನಾದ್ರೂ ಹಾಕಿ ಕಳ್ಸೋಣ ಅಂತ ಮನೆಯೆಲ್ಲಾ ಹುಡುಕಿದ್ವಿ. ಸಿಗ್ಲೇ ಇಲ್ಲ."

ಅವರನ್ನು ಮಣ್ಣು ಮಾಡುವ ಹೊತ್ತಿಗೆ ಅದು ಕಡೂರಿನಲ್ಲಿ, ನನ್ನ ಡ್ರಾಯರಿನಲ್ಲಿ ಭದ್ರವಾಗಿತ್ತು.