ಬೆಳಕು ಆರಿಸದ ರಸಾಚಾರ್ಯ

ನಾಟಕ ತಂಡದಲ್ಲಿ ನನ್ನ ಕೆಲಸ ದೀಪ ಹೊತ್ತಿಸುವುದು, ಆರಿಸುವುದು. ಇಷ್ಟಕ್ಕೇ ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ರಸಸಿದ್ಧಾಂತದ ಬಗ್ಗೆ ನಾಲ್ಕಾರು ಪುಸ್ತಕ ಓದಿಬಿಟ್ಟಿದ್ದೆ. ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದೆ. ತಂಡದವರು ನನ್ನನ್ನು ರಸಾಚಾರ್ಯ ಎಂದು ಕರೆಯುತ್ತಿದ್ದರು. ಅದು ಗೇಲಿ ಎಂದು ಹೊಳೆಯಲು ವರ್ಷಗಳೇ ಬೇಕಾದವು.

ತಾಲೀಮಿನಲ್ಲಿ ಹಾರ್ಮೋನಿಯಂನವನು ಕಣ್ಣೊರೆಸಿಕೊಂಡರೂ ನಾನು ಬಿಡುತ್ತಿರಲಿಲ್ಲ. “ಅಳು ಬೇರೆ, ಕರುಣರಸ ಬೇರೆ ಕಣಯ್ಯಾ. ನಿನ್ನ ಮನೆ ದುಃಖಾನ ಬಾಗಿಲ ಹೊರಗೇ ಬಿಟ್ಟು ಬಾ. ರಂಗದ ಮೇಲಿನ ದುಃಖ ನಂದೂ ಅಲ್ಲ, ನಿಂದೂ ಅಲ್ಲ. ಅದಕ್ಕೇ ಅದನ್ನ ಸವಿಯೋಕಾಗೋದು.”

ಒಂದು ಸಲ ನನ್ನ ಮಗಳಿಗೆ ಮೊದಲ ಬಾರಿ ಮುಖ್ಯ ಪಾತ್ರ ಸಿಕ್ಕಿತು. ಕೊನೆಯ ದೃಶ್ಯದಲ್ಲಿ ಅವಳು ಸಾಯಬೇಕು, ನಾನು ಮೆಲ್ಲಗೆ ಬೆಳಕು ಇಳಿಸಿ ಕತ್ತಲು ಮಾಡಬೇಕು. ನಾಟಕ ಗೆಲ್ಲುವುದೂ ಸೋಲುವುದೂ ಅಲ್ಲೇ. ಅಡುಗೆಮನೆಯ ನೆಲದ ಮೇಲೆ ಅವಳನ್ನು ಮಲಗಿಸಿ ಅಭ್ಯಾಸ ಮಾಡಿಸಿದೆ. “ಹೊಟ್ಟೆ ಆಡ್ತಾ ಇದೆಯಲ್ಲೇ! ಸತ್ತವರು ಹೀಗೆ ಉಸಿರಾಡ್ತಾರಾ? ರಸಭಂಗ!” ಎಂದು ಗದರಿದೆ. ಕುಕ್ಕರ್ ಇಳಿಸುತ್ತಿದ್ದ ಹೆಂಡತಿ, “ಸಾಯೋದನ್ನ ಹೇಳಿಕೊಡೋ ಅಪ್ಪನ್ನ ಇವತ್ತೇ ನೋಡಿದ್ದು” ಎಂದಳು.

ಪ್ರದರ್ಶನದ ದಿನ ಮಗಳು ಕುಸಿದು ಬಿದ್ದಳು. ಹೊಟ್ಟೆ ಅಲುಗಲಿಲ್ಲ. ಕಾದೆ. ಆಗಲೂ ಅಲುಗಲಿಲ್ಲ. ಇವಳಿಗೆ ನಿಜವಾಗಿಯೇ ಏನಾದರೂ ಆಯಿತೇ? ಬೆಳಕು ಇಳಿಸುವ ಡಿಮ್ಮರನ್ನು ತಿರುಗಿಸದೆ ಹಾಗೇ ಹಿಡಿದುಕೊಂಡೆ. ಕತ್ತಲಾದರೆ ಅವಳನ್ನು ನೋಡುವುದು ಹೇಗೆ? ಹಾರ್ಮೋನಿಯಂನವನು ಮುಗಿಸಬೇಕಾದ ರಾಗವನ್ನು ಎಳೆಯುತ್ತಲೇ ಇದ್ದ. ದೀಪ ಉರಿಯುತ್ತಲೇ ಇತ್ತು. ಕೊನೆಗೆ ಹೆಣವೇ ಬಾಯಿಬಿಟ್ಟಿತು: “ಅಪ್ಪಾ, ಲೈಟು!”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಬಣ್ಣದ ಕೋಣೆಯಲ್ಲಿ ಮಗಳು ನಿಜವಾಗಿಯೇ ಅತ್ತಳು. “ನೀನು ಹೇಳಿದ ಹಾಗೇ ಉಸಿರು ಹಿಡಿದಿದ್ನಲ್ಲಪ್ಪಾ!” ನಾಚಿಕೆಯಿಂದ ಹಿಡಿಯಾದೆ.

ಮುಂದಿನ ಪ್ರದರ್ಶನಕ್ಕೆ ನಿರ್ದೇಶಕರು ಡಿಮ್ಮರನ್ನು ಬೇರೆಯವರಿಗೆ ಒಪ್ಪಿಸಿ, ನನ್ನನ್ನು ಪ್ರೇಕ್ಷಕರ ನಡುವೆ ಕೂರಿಸಿದರು. ಮಗಳು ಸತ್ತಳು. ಬೆಳಕು ಹದವಾಗಿ ಇಳಿಯತೊಡಗಿತು. ಸುತ್ತಲೂ ಮೂಗು ಒರೆಸಿಕೊಳ್ಳುವ ಸದ್ದು. ಹೆಂಡತಿಯ ಕರವಸ್ತ್ರ ಒದ್ದೆ. ಎಲ್ಲರೂ ರಸ ಸವಿಯುತ್ತಿದ್ದರು, ಆಚಾರ್ಯನೊಬ್ಬನನ್ನು ಬಿಟ್ಟು. ನಾನು ಕತ್ತು ಚಾಚಿ ಅವಳ ಹೊಟ್ಟೆಯನ್ನೇ ನೋಡುತ್ತಿದ್ದೆ. ಪೂರ್ತಿ ಕತ್ತಲಾಗುವ ಮುಂಚೆ ಅದು ಒಂಚೂರು ಏರಿ ಇಳಿಯಿತು.

ಸದ್ಯ, ರಸಭಂಗವಾಯಿತು ಎಂದು ನಾನೂ ಉಸಿರುಬಿಟ್ಟೆ.