ಏರ್‌ಪೋರ್ಟಿಗೆ ಕಾರ್ಕಳದ ಮೇಲೆ ಹೋದದ್ದು

ವಿಮಾನ ತಪ್ಪಿದವನ ಮುಖವನ್ನು ನಾನು ಚೆನ್ನಾಗಿ ಮಾಡಿ ತೋರಿಸಬಲ್ಲೆ. ಮೊದಲು ಬಾಯಿ ತೆರೆಯುತ್ತದೆ. ಆಮೇಲೆ ಕೈ ಕಿಸೆಗೆ ಹೋಗುತ್ತದೆ, ಅಲ್ಲಿ ಹುಡುಕುವಂಥದ್ದು ಏನೂ ಇಲ್ಲದಿದ್ದರೂ ಹುಡುಕುತ್ತದೆ. ಕೊನೆಗೆ ಕೌಂಟರಿನ ಹುಡುಗಿಯ ಕಡೆಗೆ ಬಗ್ಗಿ, "ಮೇಡಂ, ಬಾಗಿಲು ಇನ್ನೂ ತೆರೆದೇ ಉಂಟಲ್ವಾ?" ಎನ್ನುತ್ತದೆ. ಗಲ್ಫಿನಲ್ಲಿ, ಮುಂಬೈಯಲ್ಲಿ, ನಮ್ಮ ಊರಿನವರ ಸಂಘಗಳು ಎಲ್ಲೆಲ್ಲಿ ಮಿಮಿಕ್ರಿಗೆ ಕರೆಸುತ್ತವೆಯೋ ಅಲ್ಲೆಲ್ಲ ಇದಕ್ಕೆ ಒಳ್ಳೆಯ ಚಪ್ಪಾಳೆ ಬೀಳುತ್ತದೆ. ಯಾರನ್ನು ನೋಡಿ ಕಲಿತದ್ದು ಎಂದು ಕೇಳುತ್ತಾರೆ. ನನ್ನನ್ನೇ. ಆ ಮುಖ ನನ್ನದೇ ಆಗಿದ್ದ ಒಂದು ದಿನ ಕೌಂಟರಿನ ಹಿಂದೆ ಗಾಜಿನ ಗೋಡೆ ಇತ್ತು, ಪೂರ್ತಿ ಕಾಣುತ್ತಿತ್ತು.

ಅಂದಿನಿಂದ ನನಗೆ ನಿಯಮಗಳಿವೆ. ಟಿಕೆಟು ಆದಷ್ಟು ದಿನದ ಮೊದಲ ವಿಮಾನಕ್ಕೆ. ಬೆಳಗಿನದಕ್ಕೆ ತಡವಾಗಲು ಇನ್ನೂ ಪುರುಸೊತ್ತು ಸಿಕ್ಕಿರುವುದಿಲ್ಲ, ಸಂಜೆಯದು ಇಡೀ ದಿನದ ತಡವನ್ನೆಲ್ಲ ಹೊತ್ತುಕೊಂಡು ಬರುತ್ತದೆ. ಚೀಲ ಒಂದೇ, ಅದೂ ಕೈಯಲ್ಲಿ. ನಾವು ಹತ್ತಬೇಕಾದ ವಿಮಾನ ಈಗ ಯಾವ ಊರಿನಲ್ಲಿ ನಿಂತಿದೆ ಎಂದು ಫೋನಿನಲ್ಲಿ ನೋಡುತ್ತಿರಬೇಕು. ಬೋರ್ಡಿನವರು ಒಪ್ಪಿಕೊಳ್ಳುವ ಎಷ್ಟೋ ಮೊದಲೇ ತಡವಾಗುವುದು ನಮಗೆ ಗೊತ್ತಾಗುತ್ತದೆ. ಮತ್ತು ಯಾರ ಪಾರ್ಸೆಲನ್ನೂ ಒಯ್ಯಬಾರದು. ಈ ಕೊನೆಯದನ್ನು ನಮ್ಮ ಕಡೆ ಪಾಲಿಸುವುದು ಬಹಳ ಕಷ್ಟ. ಒಬ್ಬ ಗಲ್ಫಿಗೆ ಹೊರಟನೆಂದು ಗೊತ್ತಾದರೆ ಸಾಕು, ಅವನ ಅಂಗಳಕ್ಕೆ ಇಡೀ ಊರಿನ ಉಪ್ಪಿನಕಾಯಿ ನಡೆದುಕೊಂಡು ಬರುತ್ತದೆ. ಮಟ್ಟುಗುಳ್ಳದ ಕಾಲದಲ್ಲಂತೂ ಒಬ್ಬರು ಆ ಬದನೆಯನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟು, "ತೊಟ್ಟು ಮುರಿಯಬಾರದು, ಮಾರಾಯ" ಎಂದು ಹೇಳಿಹೋಗಿದ್ದರು.

ಮಣಿಪಾಲದಲ್ಲಿ ನನ್ನ ಬಾಡಿಗೆ ರೂಮಿನ ಕೆಳಗೆ ಚಹಾದ ಅಂಗಡಿ ಉಂಟು. ರಜೆ ಹತ್ತಿರ ಬಂತೆಂದರೆ ಹಾಸ್ಟೆಲಿನ ಹುಡುಗರು ಅಲ್ಲಿ ನನ್ನನ್ನು ಹಿಡಿಯುತ್ತಾರೆ. "ಅಣ್ಣಾ, ಊರಿಗೆ ಯಾವ ಫ್ಲೈಟ್ ಸೇಫ್?" ನಾನು ಜ್ಯೋತಿಷಿಯ ಗಂಟಲಿನಲ್ಲಿ ಭವಿಷ್ಯ ಹೇಳುತ್ತೇನೆ, ಅವರು ಚಹಾ ಕುಡಿಸುತ್ತಾರೆ. ಇಷ್ಟು ಪಂಡಿತನಾದ ನಾನು ಕಳೆದ ಮಳೆಗಾಲದ ಆರಂಭದಲ್ಲಿ ಕಾಪುವಿನ ನನ್ನ ದೊಡ್ಡಮ್ಮನನ್ನು ಮಸ್ಕತ್ತಿಗೆ ಕರೆದುಕೊಂಡು ಹೋದೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅವರ ಮಗಳು, ನಾನು ಅಕ್ಕ ಎಂದೇ ಕರೆಯುವವಳು, ಗಂಡನೊಂದಿಗೆ ಮಸ್ಕತ್ತಿನಲ್ಲಿದ್ದಾಳೆ. ಹಿಂದೊಮ್ಮೆ ಅವಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗ ದೊಡ್ಡಮ್ಮನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಇಲ್ಲಿ ಕಾಪುವಿನಲ್ಲಿ ಫೋನ್ ಹಿಡಿದುಕೊಂಡು ಕೂತದ್ದೇ ಆಯಿತು. ಈ ಸಲ ಎರಡನೆಯದು. ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು. "ಅಮ್ಮ ಬರದೆ ನನ್ನನ್ನು ಒಳಗೆ ಕರೆದುಕೊಂಡು ಹೋಗುವುದು ಬೇಡ" ಎಂದು ಅಕ್ಕ ಡಾಕ್ಟರಿಗೇ ಹೇಳಿದ್ದಳಂತೆ. ಮಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ದಿನಾ ಇರುವುದಿಲ್ಲ, ಮುಂಬೈಯಲ್ಲಿ ಇಳಿದು ಹತ್ತುವುದು ದೊಡ್ಡಮ್ಮನಿಗೆ ಬೇಡವಾಗಿತ್ತು. ಆಪರೇಷನ್ನಿನ ಮುನ್ನಾದಿನ ಒಂದಿತ್ತು, ಮಧ್ಯಾಹ್ನದ್ದು. ಅದು ತಪ್ಪಿದರೆ ಮುಂದಿನದು ಮಗು ಹುಟ್ಟಿದ ಮೇಲೆಯೇ. ನನಗೂ ಆ ವಾರ ಅಲ್ಲಿ ಕಾರ್ಯಕ್ರಮ ಇದ್ದುದರಿಂದ ಒಟ್ಟಿಗೆ ಹೊರಟೆವು.

ಹೊರಡುವ ಹಿಂದಿನ ಸಂಜೆ ನನ್ನ ನಿಯಮದ ಪ್ರಕಾರ ಫೋನ್ ಮಾಡಿದೆ.

"ದೊಡ್ಡಮ್ಮಾ, ಬಾಣಂತಿ ಎಣ್ಣೆ ದೊಡ್ಡ ಬ್ಯಾಗಿಗೆ ಹಾಕಿದ್ರಾ? ಕೈಚೀಲದಲ್ಲಿ ಬಿಡುವುದಿಲ್ಲ."

"ಹಾಕಿದೆ. ಲೇಹವೂ ಹಾಕಿದೆ, ಕುಚ್ಚಲಕ್ಕಿಯೂ ಹಾಕಿದೆ."

"ಪಾಸ್‌ಪೋರ್ಟ್?"

"ಅದು ಜೋಪಾನವಾಗಿ ಉಂಟು, ಮಾರಾಯ. ನೀನು ನಿನ್ನದು ನೋಡಿಕೊ."

ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಬರೆಯುವಾಗ ಕನ್ನಡದ ಅಂಗಿ ಹಾಕಿದ್ದೇನೆ, ಅಷ್ಟೆ.

ಮರುದಿನ ಬೆಳಿಗ್ಗೆ ಮಣಿಪಾಲದಿಂದ ಟ್ಯಾಕ್ಸಿ ಮಾಡಿಕೊಂಡು ಕಾಪುವಿಗೆ ಹೋದೆ. ಬೇಕಾದ್ದಕ್ಕಿಂತ ಬಹಳ ಮೊದಲೇ. ಮಳೆ ಜಿನುಗುತ್ತಿತ್ತು. ಅಂಗಳದಲ್ಲಿ ನೆರೆಕರೆಯವರೆಲ್ಲ ಕೊಡೆ ಹಿಡಿದು ನಿಂತಿದ್ದರು. ದೊಡ್ಡಮ್ಮ ಒಬ್ಬೊಬ್ಬರಿಗೂ ಹೋಗಿಬರುತ್ತೇನೆಂದು ಹೇಳಿ, ಒಳಗೆ ಹೋಗಿ ಚಾಪೆಯ ಮೇಲೆ ಕೂತು ನೀರು ಕುಡಿದು, ಬಲಗಾಲಿಟ್ಟು ಹೊರಬಂದರು. ಇಷ್ಟನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿದೇ ಬಂದಿದ್ದೆ. ಹೈವೇಗೆ ಬಿದ್ದ ಮೇಲೆ ನೆಮ್ಮದಿಯಿಂದ ಸೀಟಿಗೆ ಒರಗಿದೆ. ಪಡುಬಿದ್ರಿ ಬಂತು.

"ಇಲ್ಲಿ ಎಡಕ್ಕೆ ತಿರುಗಿಸಪ್ಪ" ಎಂದರು ದೊಡ್ಡಮ್ಮ.

"ಎಡಕ್ಕಾ? ಎಂತಕ್ಕೆ?" ಎಂದೆ.

"ಕಾರ್ಕಳಕ್ಕೆ ಹೋಗಿ ಪಾಸ್‌ಪೋರ್ಟ್ ತೆಗೊಳ್ಳಬೇಕಲ್ವಾ?"

ನನ್ನ ಬಾಯಿ ತೆರೆಯಿತು. ಕೈ ಕಿಸೆಗೆ ಹೋಯಿತು. ಡ್ರೈವರು ಬಾಗಲಕೋಟೆ ಕಡೆಯವನು. ಗಾಡಿಯನ್ನು ಬದಿಗೆ ಹಾಕಿ ಹಿಂದಕ್ಕೆ ತಿರುಗಿದ. "ಅಲ್ರೀ ಅಮ್ಮಾರ, ಪಾಸ್‌ಪೋರ್ಟ್ ಏನು ಪಂಚರ್ ಹಾಕಾಕ ಕೊಟ್ಟೀರೇನ್ರಿ?"

ಕಾರ್ಕಳದಲ್ಲಿ ನಮ್ಮ ಕುಟುಂಬದ ಮನೆ ಉಂಟು. ಅಲ್ಲಿ ದೈವದ ಕೋಣೆ. ನಮ್ಮಲ್ಲಿ ಹೊಸ ಪಾಸ್‌ಪೋರ್ಟ್ ಬಂದರೆ, ವೀಸಾ ಆದರೆ, ಅದನ್ನು ಒಯ್ದು ದೈವದ ಮುಂದೆ ಇಡುತ್ತಾರೆ. ಅದು ನನಗೂ ಗೊತ್ತು. ನನ್ನದನ್ನೂ ಒಮ್ಮೆ ಇಟ್ಟು, ಕೈಮುಗಿದು, ಆಗಲೇ ಕಿಸೆಗೆ ಹಾಕಿಕೊಂಡು ಬಂದಿದ್ದೆ. ದೊಡ್ಡಮ್ಮ ಹಾಗಲ್ಲ. ಅಲ್ಲಿ ಇಟ್ಟದ್ದು ಹೊರಡುವ ದಿನದವರೆಗೆ ಅಲ್ಲೇ ಇರಬೇಕು, ಆ ದಿನ ದೀಪ ಇಟ್ಟ ಮೇಲೆ ಮನೆಯ ಯಜಮಾನರ ಕೈಯಿಂದಲೇ ತೆಗೆದುಕೊಳ್ಳಬೇಕು. ಯಜಮಾನರೆಂದರೆ ನನ್ನ ದೊಡ್ಡ ಮಾವ, ಅಮ್ಮಂದಿರ ಅಣ್ಣ.

"ನನಗೆ ಮೊದಲೇ ಹೇಳಬಹುದಿತ್ತಲ್ವಾ?"

"ಹೇಳಿದ್ರೆ ನೀನು ಹಿಂದಿನ ದಿನವೇ ಹೋಗಿ ತರ್ತಿದ್ದೆ."

"ತಂದ್ರೆ ಎಂತಾಗ್ತಿತ್ತು?"

"ದೈವ ಕಾಯಬೇಕು ಅಂತ ಒಪ್ಪಿಸಿದ್ದನ್ನು ಮೊದಲೇ ತಂದು ಕಪಾಟಿನಲ್ಲಿ ಬೀಗ ಹಾಕಿ ಇಡುವುದಾ? ನಂಬಿಕೆ ಇಲ್ಲ ಅಂತ ಆಗುವುದಿಲ್ವಾ?" ಆಮೇಲೆ ಮೆತ್ತಗೆ ಸೇರಿಸಿದರು, "ಹೋದ ಸಲ ನಾನು ಎಂತದೂ ಒಪ್ಪಿಸಿರಲಿಲ್ಲ."

ಡ್ರೈವರಿಗೆ ಕೈಸನ್ನೆ ಮಾಡಿದೆ. ಗಾಡಿ ಎಡಕ್ಕೆ ತಿರುಗಿತು. ಬೆಳ್ಮಣ್ಣಿನವರೆಗೂ ಮಾವನಿಗೆ ಫೋನ್ ಮಾಡುತ್ತಲೇ ಇದ್ದೆ. ರಿಂಗಾಗುತ್ತದೆ, ಎತ್ತುವುದಿಲ್ಲ. "ಅಣ್ಣ ಮೀಯಲು ಹೋಗಿರಬೇಕು" ಎಂದರು ದೊಡ್ಡಮ್ಮ. ಮಾವನ ಸ್ನಾನ ಎಷ್ಟು ಉದ್ದವೆಂದು ಊರಿಗೆಲ್ಲ ಗೊತ್ತು. ವೇದಿಕೆಯಲ್ಲಿ ನಾನು ಅದಕ್ಕೂ ಒಂದು ಐಟಂ ಮಾಡುತ್ತೇನೆ.

ನಾವು ಹೋಗಿ ಇಳಿಯುವಾಗ ಮಾವ ಮಿಂದು, ಮಡಿ ಉಟ್ಟು, ಜಗಲಿಯಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದರು. ದೈವದ ಕೋಣೆಯ ಬೀಗದ ಕೈ ಸೊಂಟದಲ್ಲಿತ್ತು.

"ಬಂದ್ರಾ? ಕಾಪಿ ಕುಡಿಯಿರಿ."

"ಮಾವ, ಕಾಪಿ ಬೇಡ. ವಿಮಾನ."

"ವಿಮಾನಕ್ಕೆ ಕಾಪಿ ಬೇಡ, ಗೊತ್ತುಂಟು. ನಿನಗೆ ಬೇಡವಾ ಅಂತ ಕೇಳಿದ್ದು."

ಬತ್ತಿ ಹೊಸೆದರು. ಎಣ್ಣೆ ಹಾಕಿದರು. ಒಂದು ಬತ್ತಿ ಸರಿಬರಲಿಲ್ಲವೆಂದು ಇನ್ನೊಂದು ಹೊಸೆದರು. ನಾನು ಬಾಗಿಲ ಹೊರಗೆ ಕಾಲು ಬದಲಾಯಿಸುತ್ತ ನಿಂತಿದ್ದೆ. ಅಂಗಳದಿಂದ ಡ್ರೈವರು ಇಣುಕಿ, "ಸಾವಕಾಶ ಆಗ್ಲಿ ಬಿಡ್ರೀ ಸರ, ದೇವ್ರ ಕೆಲಸ" ಎಂದ. ಅವನ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು.

ಆಮೇಲೆ ಮಾವ ಮೂರು ಸಲ ಕೆಮ್ಮಿದರು. ಪ್ರಾರ್ಥನೆಗೆ ಮುಂಚೆ ಅವರು ಯಾವಾಗಲೂ ಮೂರು ಸಲ ಕೆಮ್ಮುತ್ತಾರೆ. ನನ್ನ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ನಗು ಬರುವುದು ಅದಕ್ಕೇ. ಆ ಕೆಮ್ಮಾದ ಮೇಲೆ ಕುಟುಂಬದಲ್ಲಿ ಯಾರಿಗೆ ಕೆಲಸ ಸಿಗಬೇಕು, ಯಾರ ಮಂಡಿನೋವು ಗುಣವಾಗಬೇಕು, ಯಾವ ದನ ಹಾಲು ಕೊಡುತ್ತಿಲ್ಲ, ಎಲ್ಲವೂ ಸಾಲಾಗಿ ಬರುತ್ತದೆ. ಆ ದಿನ ಏನೂ ಬರಲಿಲ್ಲ. ನೇರವಾಗಿ ಅಕ್ಕನ ಹೆಸರು ಹೇಳಿದರು. "ಕಡಲಿನ ಆಚೆ ನಮ್ಮದೊಂದು ಮಗು ಒಬ್ಬಳೇ ಉಂಟು. ಇವಳು ಹೋಗಿ ಮುಟ್ಟುವವರೆಗೆ..." ಎಂದವರು ಅಲ್ಲಿಗೆ ನಿಂತರು. ದೀಪದ ಬತ್ತಿಯನ್ನು ಮುಂದಕ್ಕೆ ಎಳೆದು, "ಮುಟ್ಟುವವರೆಗೆ ಕಾದುಕೊಡಬೇಕು" ಎಂದು ಮುಗಿಸಿದರು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಆ ದನಿಯನ್ನು ನಾನು ಆಮೇಲೂ ವೇದಿಕೆಗೆ ಒಯ್ದಿಲ್ಲ.

ಮರುಕ್ಷಣವೇ ಮಾವ ಬೆರಳು ತುಂಬ ಗಂಧ ತೆಗೆದುಕೊಂಡು ಪಾಸ್‌ಪೋರ್ಟ್ ಬಿಡಿಸಿದರು.

"ಮಾವಾ, ಫೋಟೊದ ಮೇಲೆ ಬೇಡ! ಕಳಿಸುವುದಿಲ್ಲ ಅವರು!"

"ಬೊಬ್ಬೆ ಹಾಕಬೇಡ. ಹೊರಗೆ ಹಚ್ಚುವುದು. ಫೋಟೊ ಇವಳದ್ದೇನಾ ಅಂತ ನೋಡಿದೆ ಅಷ್ಟೆ. ಇಷ್ಟು ಸಿಟ್ಟು ಯಾರ ಮೇಲೆ ಇದರಲ್ಲಿ?"

ಮೂಡುಬಿದಿರೆಯ ದಾರಿಯಲ್ಲಿ ಡ್ರೈವರು ಒಂದೇ ಉಸಿರಿನಲ್ಲಿ ಗಾಡಿ ಓಡಿಸಿದ. ಏರ್‌ಪೋರ್ಟಿನ ಗುಡ್ಡ ಹತ್ತುವಾಗ ಮಳೆ ಜೋರಾಗಿತ್ತು. ಕೌಂಟರಿನ ಹುಡುಗಿ ಎದ್ದು ನಿಂತಾಗಿತ್ತು. ನಾನು ಎಷ್ಟೋ ಸಲ ವೇದಿಕೆಯಲ್ಲಿ ಆಡಿದ ಮಾತನ್ನು ಅಭಿನಯವಿಲ್ಲದೆ ಆಡಿದೆ: "ಮೇಡಂ, ಇನ್ನೂ ತೆರೆದೇ ಉಂಟಲ್ವಾ?" ಆಕೆ ದೊಡ್ಡಮ್ಮನ ಮುಖ ನೋಡಿ ಮತ್ತೆ ಕೂತಳು. ಎಮಿಗ್ರೇಷನ್ನಿನಲ್ಲಿ ಅಧಿಕಾರಿ ಪಾಸ್‌ಪೋರ್ಟ್ ಕೈಗೆತ್ತಿಕೊಂಡು, ತನ್ನ ಹೆಬ್ಬೆರಳಿಗೆ ಅಂಟಿದ ಗಂಧವನ್ನು ನೋಡಿ, ಸುಮ್ಮನೆ ಹಣೆಗೆ ಹಚ್ಚಿಕೊಂಡು ಸೀಲು ಒತ್ತಿದರು.

ಗೆದ್ದೆವೆಂದುಕೊಂಡು ಗೇಟಿನ ಎದುರು ಕೂತು ಫೋನು ನೋಡಿದೆ. ನಾವು ಹತ್ತಬೇಕಾದ ವಿಮಾನ ಗುಡ್ಡದ ಮೇಲಿನ ಮೋಡದಲ್ಲಿ ಇಳಿಯಲಾಗದೆ ಕೊಚ್ಚಿಗೆ ಹೋಗಿತ್ತು.

ತಡದ ಸುದ್ದಿ ಬೋರ್ಡಿನಲ್ಲಿ ಬರುವ ಮೊದಲೇ ಭಾವನ ಫೋನ್ ಬಂತು. ಅಕ್ಕನಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಬಂದಿದ್ದೇವೆ, ನಾಳೆಯವರೆಗೆ ಕಾಯುವುದಿಲ್ಲ, ಇವತ್ತೇ ಮಾಡುತ್ತಾರೆ. ದೊಡ್ಡಮ್ಮ ಕೇಳಿಸಿಕೊಂಡರು. ಪಾಸ್‌ಪೋರ್ಟನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಗಾಜಿನ ಆಚೆಗೆ ನೋಡಿದರು. ರನ್‌ವೇ ಕಾಣುತ್ತಿರಲಿಲ್ಲ, ಬಿಳಿ ಮಾತ್ರ.

"ನಿನ್ನ ನಿಯಮದಲ್ಲಿ ಇದಕ್ಕೆ ಎಂತ ಉಂಟು?" ಎಂದು ಕೇಳಿದರು. ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದ್ದು.

"ಇದಕ್ಕೆ ಎಂತದೂ ಇಲ್ಲ, ದೊಡ್ಡಮ್ಮ."

ಅಕ್ಕನೇ ಸ್ವಲ್ಪ ಹೊತ್ತಿಗೆ ವಿಡಿಯೋ ಕಾಲ್ ಮಾಡಿದಳು. ಮುಖ ಬೆವತಿತ್ತು. "ಅಮ್ಮಾ, ಹತ್ತಿದ್ಯಾ?" ದೊಡ್ಡಮ್ಮನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ನನಗಾದರೂ ಏನು ಬರುತ್ತದೆ? ಬರುವುದು ಒಂದೇ. ಮಾವನ ಹಾಗೆ ಮೂರು ಸಲ ಕೆಮ್ಮಿದೆ. "ಪ್ರಯಾಣಿಕರ ಗಮನಕ್ಕೆ. ವಿಮಾನ ಈಗ ಮೀಯಲು ಹೋಗಿದೆ. ಮಿಂದು ಬಂದು, ಮಡಿ ಉಟ್ಟು, ಬತ್ತಿ ಸರಿಮಾಡಿ ದೀಪ ಇಡುತ್ತದೆ. ನಂತರ ಕಾಪಿ. ಗಡಿಬಿಡಿ ಮಾಡುವವರನ್ನು ಕೆಳಗೆ ಇಳಿಸಲಾಗುವುದು."

ಅಕ್ಕ ನಕ್ಕಳು. ನಗುತ್ತ ಹೊಟ್ಟೆ ಹಿಡಿದುಕೊಂಡಳು. "ನಿಲ್ಲಿಸು ಮಂಗಾ, ನಗಿಸಬೇಡ, ನೋಯ್ತದೆ!" ಎಂದವಳು ಮತ್ತೆ, "ಇನ್ನೊಂದು ಹೇಳು" ಎಂದಳು. ಹೇಳಿದೆ. ನರ್ಸು ಫೋನ್ ಇಡಿಸುವವರೆಗೆ ಹೇಳಿದೆ. ತಲೆಯೆತ್ತಿ ನೋಡಿದರೆ ಅಕ್ಕಪಕ್ಕದವರೆಲ್ಲ ನಗುತ್ತಿದ್ದರು, ದೊಡ್ಡಮ್ಮ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. "ಅಣ್ಣನಿಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾರೆ" ಎಂದರು.

ಮೋಡ ಸರಿಯಿತು. ವಿಮಾನ ಕೊಚ್ಚಿಯಿಂದ ಬಂತು. ಆಕಾಶದಲ್ಲಿದ್ದಷ್ಟು ಹೊತ್ತು ಸುದ್ದಿಯಿಲ್ಲ. ದೊಡ್ಡಮ್ಮ ಮೊದಲ ಸಲ ವಿಮಾನ ಹತ್ತಿದವರು, ಕಿಟಕಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಇಳಿದ ಕೂಡಲೇ ಭಾವನಿಗೆ ಫೋನ್ ಮಾಡಿದೆ. ಆಪರೇಷನ್ ಕೋಣೆ ಇನ್ನೂ ಖಾಲಿಯಾಗಿಲ್ಲ, ಅವಸರದ ಬೇರೊಂದು ಕೇಸು ಮುಂದೆ ಬಂದು ಅಕ್ಕನದು ಹಿಂದೆ ಬಿದ್ದಿದೆ, ಎಂದರು. ಜೀವನದಲ್ಲಿ ನಾನು ಕೈಮುಗಿದ ಮೊದಲ ತಡ ಅದು.

ಬ್ಯಾಗುಗಳನ್ನು ನಾನು ಎಳೆದುಕೊಂಡು ಹೋಗುವಷ್ಟರಲ್ಲಿ ದೊಡ್ಡಮ್ಮ ಆಸ್ಪತ್ರೆಯ ಉದ್ದ ಕಾರಿಡಾರಿನ ಆ ತುದಿ ಮುಟ್ಟಿದ್ದರು. ಅಕ್ಕನ ತಳ್ಳುಮಂಚ ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಬಂದಿತ್ತು. ಅಕ್ಕನ ಹಣೆಗೆ ಪಾಸ್‌ಪೋರ್ಟಿನ ಮೇಲೆ ಉಳಿದಿದ್ದ ಗಂಧವನ್ನು ಉಜ್ಜಿ ಹಚ್ಚಿದರು. "ಬಂದ್ಯಾ?" ಎಂದಳು ಅಕ್ಕ. "ಬಂದೆ" ಎಂದರು ದೊಡ್ಡಮ್ಮ. ಬಾಗಿಲು ಮುಚ್ಚಿತು. ಹೆಣ್ಣು ಮಗು. ಕಾರಿಡಾರಿಗೆಲ್ಲ ಕೇಳುವ ಹಾಗೆ ಅತ್ತಿತು. ಆ ದನಿಯನ್ನು ಅಲ್ಲೇ ಮಾಡಿ ತೋರಿಸಿ ಭಾವನಿಂದ ಬೆನ್ನಿಗೊಂದು ಗುದ್ದು ತಿಂದೆ.

ಮೊನ್ನೆ ಅಕ್ಕ ಮಗುವನ್ನು ಕರೆದುಕೊಂಡು ಊರಿಗೆ ಬಂದಳು. ಏರ್‌ಪೋರ್ಟಿನಿಂದ ನೇರ ಕಾಪುವಿಗೆ ಅಲ್ಲ, ಕಾರ್ಕಳಕ್ಕೆ. ಮಾವ ಮಗುವಿನ ಪಾಸ್‌ಪೋರ್ಟ್ ಬಿಡಿಸಿ, ಕಣ್ಣು ಮುಚ್ಚಿದ ಉರುಟು ಮುಖವನ್ನು ನೋಡಿ, "ಇದು ಯಾವ ಮಗುವಿನದ್ದೂ ಆಗಬಹುದಲ್ವಾ?" ಎಂದು ಕೇಳಿ ದೈವದ ಮುಂದಿಟ್ಟರು. "ಹೊರಡುವ ದಿನ ಬಂದು ತೆಗೊಳ್ಳಿ."

ಅವರ ವಾಪಸಿನ ಟಿಕೆಟು ಮಾಡಿಸಿದವನು ನಾನೇ. ಮುಂಬೈಯ ಮೇಲೆ ಹೋಗುವ, ದಿನದ ಮೊದಲ ವಿಮಾನ ಒಂದಿತ್ತು. ಅದನ್ನು ಬಿಟ್ಟು ಮಧ್ಯಾಹ್ನದ್ದು ಹಿಡಿದೆ. ಮಾವ ಮೀಯಬೇಕು, ಬತ್ತಿ ಹೊಸೆಯಬೇಕು, ಮೂರು ಸಲ ಕೆಮ್ಮಬೇಕು.