ಅಕ್ಕನ ಮನೆಯ ನೀರು

ನನ್ನ ಕಾರಿನ ಬಾಗಿಲ ಖಾನೆಯಲ್ಲಿ ಈಗ ಎರಡು ನೀರಿನ ಬಾಟಲಿಗಳಿವೆ. ಒಂದು ನನ್ನದು, ಅರ್ಧ ಖಾಲಿ. ಇನ್ನೊಂದರ ಹೊಟ್ಟೆಗೆ ಅಕ್ಕ ಬಿಳಿ ಟೇಪು ಸುತ್ತಿ ‘ಕುಡಿಯಬೇಡ’ ಎಂದು ದಪ್ಪಗೆ ಬರೆದಿದ್ದಾಳೆ. ಬೇರೆ ಯಾರಿಗೋ ಹೇಳಿದ್ದು ಅಂದುಕೊಂಡೇನೆಂದು ಕೆಳಗೆ ನನ್ನ ಹೆಸರನ್ನೂ ಸೇರಿಸಿದ್ದಾಳೆ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ದಾರಿಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿವೆ. ಬಿಸಿಲಿದೆ. ಪಕ್ಕದಲ್ಲಿ ಜನರನ್ನು ತುಂಬಿಕೊಂಡು ನಿಂತ ಮಟಾಟು ವ್ಯಾನಿನ ಹಾಡಿಗೆ ನನ್ನ ಕಾರಿನ ಗಾಜೂ ಕುಣಿಯುತ್ತಿದೆ. ಮಾಡಲು ಬೇರೆ ಕೆಲಸವಿಲ್ಲವಾದ್ದರಿಂದ ಆ ಟೇಪಿನ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ನಮ್ಮಕ್ಕ ಗಣಿತದ ಟೀಚರ್. ಮೈಸೂರಿನಲ್ಲಿ ನಾನು ಹತ್ತನೇ ಕ್ಲಾಸಿಗೆ ಬಂದು ನಿಂತಾಗ ನನ್ನನ್ನು ದಾಟಿಸಲು ಅವಳು ಪಟ್ಟ ಪಾಡು ಒಂದೆರಡಲ್ಲ. ನಾನು ಲೆಕ್ಕವನ್ನೇ ತಪ್ಪಾಗಿ ಇಳಿಸಿಕೊಂಡು, ಆಮೇಲೆ ಪುಟಗಟ್ಟಲೆ ಸರಿಯಾಗಿ ಮಾಡುವವನು. ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು. “ಲೆಕ್ಕ ತಪ್ಪಲ್ಲ ಕಣೋ ದಡ್ಡ, ಬರ್ಕೊಂಡಿದ್ದೇ ತಪ್ಪು!” ನಾನು ದಾಟಲಿಲ್ಲ. ಅವಳು ಸಮುದ್ರವನ್ನೇ ದಾಟಿ ನೈರೋಬಿಯ ಶಾಲೆಯೊಂದಕ್ಕೆ ಬಂದಳು. ಕೆಲವು ವರ್ಷಗಳ ಮೇಲೆ ನನ್ನನ್ನೂ ಕರೆಸಿಕೊಂಡು ವಿಮಾನ ನಿಲ್ದಾಣದ ಬಳಿ ಎಂಬಕಸಿಯ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಹಚ್ಚಿದಳು. ವಿಮಾನದಲ್ಲಿ ಬಂದ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವ ಕೆಲಸ. ಅದಕ್ಕೆ ಹತ್ತನೇ ಕ್ಲಾಸು ಬೇಕಿಲ್ಲ, ದೊಡ್ಡ ಗಂಟಲು ಬೇಕು.

ನಿವೃತ್ತಿಯಾದ ಮೇಲೆ ಅಕ್ಕ ಬಿಯರ್ ಮಾಡಲು ಹಿಡಿದಳು. ನಗಬೇಡಿ. ಅವಳು ಕುಡಿಯುವುದು ಅರ್ಧ ಲೋಟ, ಅದೂ ಮೂಗು ಸುಕ್ಕಿಸಿಕೊಂಡು. ಅವಳಿಗೆ ಹುಚ್ಚು ಹಿಡಿಸಿದ್ದು ಬಿಯರಲ್ಲ, ಲೆಕ್ಕ. ಮಗಳು ನಿಧಿ ಅವಳ ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಳು. ಯಾವ ಬಾರ್ಲಿ ಕಾಳು ಎಷ್ಟು, ಎಷ್ಟು ಹೊತ್ತು ಕುದಿ, ಕಹಿ ಎಷ್ಟು, ಬಣ್ಣ ಯಾವುದು, ಎಲ್ಲವನ್ನೂ ಅದು ಮೊದಲೇ ಹೇಳುತ್ತದೆ. ಮೌಸಿನಿಂದ ಒಂದು ಕಡ್ಡಿಯನ್ನು ಎಳೆದರೆ ಪರದೆಯ ಮೇಲಿನ ಲೋಟ ನಿಂಬೆ ಶರಬತ್ತಿನ ಬಣ್ಣದಿಂದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಕ್ಕ ಮಗುವಿನ ಹಾಗೆ ಅದನ್ನು ಎಳೆದು ಎಳೆದು ನೋಡುತ್ತಿದ್ದಳು. ನಿಧಿಯ ಬರಲಿರುವ ನಿಶ್ಚಿತಾರ್ಥಕ್ಕೆ ತಾನೇ ಮಾಡಿದ ಹೊಂಬಣ್ಣದ ಬಿಯರನ್ನು ಕೊಡುವುದಾಗಿ ಹುಡುಗನ ಮನೆಯವರಿಗೆ ಮಾತು ಕೊಟ್ಟೂ ಬಿಟ್ಟಳು.

ಆ ಸಾಫ್ಟ್‌ವೇರಿನಲ್ಲಿ ನೀರಿಗೇ ಒಂದು ಪುಟ ಇದೆ. ನೀರಿನಲ್ಲಿ ಸುಣ್ಣ ಎಷ್ಟು, ಉಪ್ಪು ಎಷ್ಟು, ಸೋಡಾ ಎಷ್ಟು ಎಂದು ತುಂಬಬೇಕು. ತುಂಬಿದರೆ ಆ ಬಿಯರಿಗೆ ಏನು ಸೇರಿಸಬೇಕು ಎಂದು ಅದು ಹೇಳುತ್ತದೆ. ಅಕ್ಕನ ಮನೆ ರುಂಡಾ ಬಡಾವಣೆಯ ಅಂಚಿನಲ್ಲಿದೆ. ಕುಡಿಯಲು ಕ್ಯಾನಿನ ನೀರು, ಮಿಕ್ಕಿದ್ದಕ್ಕೆಲ್ಲ ಬೋರ್‌ವೆಲ್. ಆ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿ ನನ್ನ ಕೈಗೆ ಕೊಟ್ಟಳು. “ಇಂಡಸ್ಟ್ರಿಯಲ್ ಏರಿಯಾದ ಲ್ಯಾಬಿಗೆ ಕೊಟ್ಟುಬಿಡೋ, ನಿನ್ನ ದಾರೀಲೇ ಇದೆ.”

ಕೊಡಬೇಕಿತ್ತು. ಇವತ್ತಿನಂಥದೇ ಜಾಮು, ಇವತ್ತಿನಂಥದೇ ಬಿಸಿಲು. ಗೋದಾಮಿನವರಿಗೆ ಒಂದು ಅಭ್ಯಾಸ ಇರುತ್ತದೆ, ಗಾಡಿಯಲ್ಲಿ ಕೈಗೆ ಸಿಕ್ಕಿದ ಬಾಟಲಿಯನ್ನು ಯಾರದು ಎಂದು ಕೇಳದೆ ಎತ್ತುವುದು. ಅರ್ಧಕ್ಕಿಂತ ಹೆಚ್ಚು ಒಳಗೆ ಹೋದ ಮೇಲೆ ನೆನಪಾಯಿತು. ಹಿಂದಕ್ಕೆ ಹೋಗಲು ಸೋಮಾರಿತನ. ಹೇಳಲು ನಾಚಿಕೆ. ಮುಂದೆ ಪೆಟ್ರೋಲ್ ಬಂಕ್ ಕಾಣಿಸಿತು. ಅಲ್ಲಿ ಒಂದು ಬಾಟಲಿ ನೀರು ಕೊಂಡೆ, ಅಕ್ಕನ ಬಾಟಲಿಯಲ್ಲಿ ಉಳಿದಿದ್ದನ್ನು ಚೆಲ್ಲಿ, ಇದನ್ನು ಸುರಿದೆ. ಲ್ಯಾಬಿನ ಕಿಟಕಿಯಲ್ಲಿದ್ದ ಹುಡುಗಿ ಸ್ವಾಹಿಲಿಯಲ್ಲಿ ಕೇಳಿದಳು, “ಮಾಜಿ ಯಾ ವಾಪಿ?” ಎಲ್ಲಿಯ ನೀರು ಎಂದು.

“ನಮ್ಮಕ್ಕನ ಮನೆಯದು,” ಅಂದೆ. ಬಾಯಿ ಒಣಗಿತ್ತು, ಅಷ್ಟು ನೀರು ಕುಡಿದಿದ್ದರೂ.

ರಿಪೋರ್ಟು ಬಂದ ದಿನ ಅಕ್ಕ ಫೋನಿನಲ್ಲಿ ಕಿರುಚಿದಳು. “ಏನ್ ನೀರೋ ಇದು! ಸುಣ್ಣ ಇಲ್ಲ, ಸೋಡಾ ಇಲ್ಲ. ರುಂಡಾ ಕೆಳಗೆ ಹಿಮಾಲಯ ಇದೆ ಕಣೋ!” ಗೇಟಿನ ಕಾವಲುಗಾರನಿಂದ ಹಿಡಿದು ಎದುರುಮನೆಯವರೆಗೆ ಎಲ್ಲರಿಗೂ ಸಾರಿದಳು. ಅವಳ ಬಚ್ಚಲುಮನೆಯ ಶವರಿನ ತೂತುಗಳು ಸುಣ್ಣ ಕಟ್ಟಿ ಬೆಳ್ಳಗಾಗಿದ್ದನ್ನು ನಾನು ಕಂಡಿದ್ದೆ. ಅಷ್ಟು ಖುಷಿಯಲ್ಲಿ ಇರುವವಳಿಗೆ ಹೇಗೆ ಹೇಳುವುದು, ನೀವೇ ಹೇಳಿ.

ಆ ಅಂಕಿಗಳನ್ನು ನಂಬಿ ಬೋರ್‌ವೆಲ್ ನೀರಲ್ಲಿ ಮಾಡಿದ ಮೊದಲ ಬಿಯರು ಬಾಯಿಗಿಟ್ಟರೆ ಒಗರು. ನೆನೆಸಿಟ್ಟ ಟೀ ಪುಡಿಯನ್ನು ನೆಕ್ಕಿದ ಹಾಗೆ. ಅಕ್ಕ ಮತ್ತೆ ಲೆಕ್ಕ ಹಾಕಿದಳು, ಮತ್ತೆ ಮಾಡಿದಳು. ಮತ್ತೆ ಒಗರು. ಭಾವ ತಮ್ಮ ಲೋಟವನ್ನು ಮೆಲ್ಲಗೆ ಬೋಗನ್‌ವಿಲ್ಲಾ ಗಿಡದ ಬುಡಕ್ಕೆ ಬಗ್ಗಿಸುತ್ತಿದ್ದರು. ಪಾಪಪ್ರಜ್ಞೆಯಿಂದ ನಾನೊಬ್ಬ ಕೊನೆಯ ಹನಿಯವರೆಗೂ ಕುಡಿದು “ಸೂಪರ್ ಅಕ್ಕ” ಅನ್ನುತ್ತಿದ್ದೆ. ಭಾವ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಗಿಡ ಮಾತ್ರ ಆ ವರ್ಷ ಮೈತುಂಬ ಹೂ ಬಿಟ್ಟಿತು.

ಒಂದು ಭಾನುವಾರ ಹೋದಾಗ ಅಕ್ಕ ಅಂಗಳದಲ್ಲಿ ಕೂತು ಬಿಯರ್ ಕುದಿಸುವ ದೊಡ್ಡ ಪಾತ್ರೆಯನ್ನು ತಿಕ್ಕುತ್ತಿದ್ದಳು. ಗೆಳತಿಗೆ ಕೊಟ್ಟುಬಿಡುತ್ತಾಳಂತೆ. ನಿಶ್ಚಿತಾರ್ಥಕ್ಕೆ ಅಂಗಡಿಯಿಂದ ತರಿಸಿದರಾಯಿತಂತೆ.

“ಯಾಕಕ್ಕ?”

“ಲೆಕ್ಕ ಸರಿ ಇದೆ ಕಣೋ, ಎಷ್ಟು ಸಲ ನೋಡಿದೆ. ಲೆಕ್ಕ ಸರಿ ಇದ್ದೂ ಉತ್ತರ ಹೀಗೆ ಬರತ್ತೆ ಅಂದ್ರೆ ನನ್ನ ಕೈಯೇ ಹೋಯ್ತು. ವಯಸ್ಸಾಯ್ತು.”

ಜೀವಮಾನವಿಡೀ ಲೆಕ್ಕವನ್ನು ನಂಬಿದವಳು ಈಗ ನನ್ನಿಂದಾಗಿ ತನ್ನ ಕೈಯನ್ನೇ ನಂಬದೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಕ್ಕ, ಪಾತ್ರೆ ಕೊಡಬೇಡ. ಆ ರಿಪೋರ್ಟು ನಿಮ್ಮನೆ ನೀರಿಂದಲ್ಲ.”

“ಮತ್ಯಾರ ಮನೇದು?”

“ಪೆಟ್ರೋಲ್ ಬಂಕಿಂದು.”

“ನಮ್ಮನೇದು ಎಲ್ಲಿ ಹೋಯ್ತು?”

“ಕುಡಿದುಬಿಟ್ಟೆ.”

ಒಳಗಿನಿಂದ ನಿಧಿ ಓಡಿ ಬಂದಳು. “ಮಾಮಾ! ಯು ಡ್ರ್ಯಾಂಕ್ ದ ಸ್ಯಾಂಪಲ್?” ಅವಳು ಅಲ್ಲೇ ಮೆಟ್ಟಿಲ ಮೇಲೆ ಬಿದ್ದು ಬಿದ್ದು ನಕ್ಕಳು. ಅಕ್ಕ ನಗಲಿಲ್ಲ. ತಿಕ್ಕುವ ನಾರು ಅವಳ ಕೈಯಲ್ಲೇ ಇತ್ತು. ಎಸೆಯುತ್ತಾಳೆ ಅಂದುಕೊಂಡೆ.

“ಹೇಗಿತ್ತು?” ಎಂದು ಕೇಳಿದಳು.

“ಏನು?”

“ನೀರು ಕಣೋ. ಕುಡಿದೆಯಲ್ಲ, ಹೇಗಿತ್ತು?”

“ಒಂಚೂರು ಅಡುಗೆ ಸೋಡಾ ಹಾಕಿದ ಹಾಗೆ.”

ಅವಳು ನನ್ನನ್ನೇ ನೋಡುತ್ತಾ ಎದ್ದು ನಿಂತಳು. “ಇಷ್ಟು ತಿಂಗಳು ನಾನು ಒದ್ದಾಡೋದನ್ನ ನೋಡ್ಕೊಂಡು, ಆ ಕಷಾಯ ಕುಡ್ಕೊಂಡು, ಸೂಪರ್ ಅಂತಿದ್ಯಲ್ಲೋ ಕತ್ತೆ!” ನಾರು ಬಂದು ನನ್ನ ಎದೆಗೆ ಬಿತ್ತು. ಆಮೇಲೆ ಅವಳ ಹೊಟ್ಟೆಯ ಆಳದಿಂದ ನಗು ಶುರುವಾಯಿತು. “ಲೆಕ್ಕ ತಪ್ಪಲ್ಲ! ಬರ್ಕೊಂಡಿದ್ದೇ ತಪ್ಪು!” ಎಂದು ಭಾವನಿಗೆ ಕೇಳುವಂತೆ ಕೂಗಿದಳು. ನಗುತ್ತಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅದನ್ನು ನೋಡಿದಾಗ ನಾರಿನ ಪೆಟ್ಟಿಗಿಂತ ಹೆಚ್ಚು ನೋವಾಯಿತು.

ಎರಡನೆಯ ಸಲ ಅಕ್ಕ ಬಾಟಲಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ತಾನೇ ನನ್ನ ಕಾರಿನಲ್ಲಿ ಲ್ಯಾಬಿಗೆ ಬಂದಳು. ಹೊಸ ಅಂಕಿಗಳನ್ನು ತುಂಬಿದರೆ ಪರದೆಯೆಲ್ಲ ಕೆಂಪು. ಅಷ್ಟು ಸೋಡಾ ಇರುವ ನೀರಿಗೆ ಹೊಂಬಣ್ಣದ ಬಿಯರು ಒಗ್ಗುವುದಿಲ್ಲ ಎಂದು ಅದು ಬೊಬ್ಬೆ ಹಾಕುತ್ತಿತ್ತು. ಅಷ್ಟು ಕೆಂಪನ್ನು ನೋಡಿ ಅಷ್ಟು ಸಂತೋಷಪಟ್ಟ ಟೀಚರನ್ನು ನಾನು ಕಂಡಿಲ್ಲ. “ನೋಡ್ರೋ, ನನ್ನ ಕೈ ಚೆನ್ನಾಗೇ ಇದೆ!” ಆಮೇಲೆ ಕಪ್ಪಗೆ ಹುರಿದ ಕಾಳನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದಳು. ಹುರಿದ ಕಾಳಿನ ಹುಳಿ ನೀರಿನ ಸೋಡಾವನ್ನು ಅಡಗಿಸುತ್ತದಂತೆ. ಪರದೆಯ ಲೋಟ ಕಪ್ಪಾಗುತ್ತಾ ಹೋಯಿತು, ಕೆಂಪು ಅಂಕಿಗಳು ಒಂದೊಂದಾಗಿ ಹಸಿರಾದವು. ನಿಶ್ಚಿತಾರ್ಥದ ದಿನ ಹುಡುಗನ ಮನೆಯವರು ಡಿಕಾಕ್ಷನ್ ಬಣ್ಣದ ಬಿಯರ್ ಕುಡಿದು ಇನ್ನೊಂದು ಲೋಟ ಕೇಳಿದರು. ಭಾವ ಗಿಡದ ಕಡೆ ಹೋಗಲೇ ಇಲ್ಲ. ನನಗೆ ಮಾತ್ರ ಅಕ್ಕ ಕೊಟ್ಟಿದ್ದು ಒಂದು ಲೋಟ ಬೋರ್‌ವೆಲ್ ನೀರು. “ನಿಂಗೆ ಇದೇ ಇಷ್ಟ ಅಲ್ವೇನೋ,” ಎಂದಳು ಎಲ್ಲರೆದುರಿಗೆ. ಕುಡಿದೆ. ಆಮೇಲೆ ಅಡುಗೆಮನೆಗೆ ಕರೆದು ಬಿಯರನ್ನೂ ಕೊಟ್ಟಳು.

ಮಳೆಗಾಲ ಕಳೆದರೆ ಬೋರ್‌ವೆಲ್ ನೀರು ಬದಲಾಗುತ್ತದೆಂದು ಅಕ್ಕ ಇವತ್ತು ಮತ್ತೆ ಬಾಟಲಿ ಕಳಿಸಿದ್ದಾಳೆ, ಈ ಸಲ ನನ್ನೊಬ್ಬನ ಕೈಯಲ್ಲೇ. ಅದು ಟೇಪಿಗಿಂತ ದೊಡ್ಡ ಮಾತು ಎಂದು ನನಗೆ ಗೊತ್ತು. ಹೇಳುತ್ತಾ ಹೇಳುತ್ತಾ ನನ್ನ ಬಾಟಲಿ ಪೂರ್ತಿ ಖಾಲಿಯಾಯಿತು. ಜಾಮು ಮಾತ್ರ ಇನ್ನೂ ಒಂದು ಫರ್ಲಾಂಗು ಉಳಿದಿತ್ತು. ಪೆಟ್ರೋಲ್ ಬಂಕ್ ಬಂತು, ಹೋಯಿತು. ನಾನು ನಿಲ್ಲಿಸಲಿಲ್ಲ.

ಲ್ಯಾಬಿನ ಕಿಟಕಿಯಲ್ಲಿ ಅದೇ ಹುಡುಗಿ. ಬಾಟಲಿಯ ಟೇಪನ್ನು ತಿರುಗಿಸಿ ನೋಡಿ, ಓದಲಾಗದೆ, ಕೇಳಿದಳು, “ಮಾಜಿ ಯಾ ವಾಪಿ?”

“ನಮ್ಮಕ್ಕನ ಮನೆಯದು,” ಅಂದೆ. ಬಾಯಿ ಒಣಗಿತ್ತು. ಬರೀ ಬಾಯಾರಿಕೆಯಿಂದ, ಅಷ್ಟೆ.